ಹೊಸ ಆಲ್ಬಮ್ಮಿನೊಳಗೆ ಅಜ್ಜ-ಅಜ್ಜಿ

ಈ ಅಂಕಣಕ್ಕೆ ಬರುವ ದೂರುಗಳಲ್ಲಿ ಮುಖ್ಯವಾದವು ಎರಡೇ. ಹಿರಿಯರದು ಒಂದು: ಈಗಿನದೂ ಒಂದು ಹಾಡೇ, ಬರೀ ಗದ್ದಲ. ಮಕ್ಕಳದು ಇನ್ನೊಂದು: ಅಜ್ಜಿ ಹಾಕುವ ಹಾಡು ಮುಗಿಯುವುದೇ ಇಲ್ಲ. ಎಷ್ಟೋ ಸಲ ಈ ಎರಡೂ ದೂರು ಒಂದೇ ಮನೆಯಿಂದ ಹೊರಟಿರುತ್ತವೆ. ಆ ಮನೆಯ ಹಜಾರದಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿರುತ್ತಾರೆ, ಕಿವಿ ಮಾತ್ರ ಬೇರೆ ಬೇರೆ ಫೋನಿಗೆ ಅಂಟಿಕೊಂಡಿರುತ್ತದೆ.

ಈಗ ಬೇಸಿಗೆ ರಜೆ. ಮೊಮ್ಮಕ್ಕಳು ಅಜ್ಜನ ಮನೆಗೆ ಬಂದಿರುವ ಹೊತ್ತು. ಹಾಗಾಗಿ ಈ ವಾರ ಇಬ್ಬರಿಗೂ ಒಟ್ಟಿಗೇ ಉತ್ತರ ಕೊಡುತ್ತೇನೆ. 2023 ಮತ್ತು 2024ರಲ್ಲಿ ಹೊರಬಂದ ಆಲ್ಬಮ್‌ಗಳಲ್ಲಿ ಆರನ್ನು ಆರಿಸಿದ್ದೇನೆ. ಒಂದೊಂದೂ ಒಂದೊಂದು ಬಗೆಯದು. ಆದರೆ ಆರರ ಒಳಗೂ ಹಳೆಯದೊಂದು ದನಿ ಕೂತಿದೆ. ಕೆಲವು ಕಡೆ ಅದು ನಿಜವಾಗಿಯೂ ಅಜ್ಜ-ಅಜ್ಜಿಯರದೇ ದನಿ.

ಮಕ್ಕಳೇ, ಮೊದಲು ಆಲ್ಬಮ್ ಎಂಬ ಮಾತಿನ ಕಥೆ ಕೇಳಿ. ಮದುವೆ ಫೋಟೊ ಅಂಟಿಸಿದ ದಪ್ಪ ಪುಸ್ತಕವನ್ನು ಆಲ್ಬಮ್ ಅನ್ನುತ್ತೇವಲ್ಲ, ಹಾಡಿಗೂ ಆ ಹೆಸರು ಬಂದದ್ದು ಪುಸ್ತಕದಿಂದಲೇ. ಹಿಂದಿನ ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದದ್ದು ಮೂರು-ನಾಲ್ಕು ನಿಮಿಷದ ಸಂಗೀತ. ಉದ್ದನೆಯ ಸಂಗೀತ ಬೇಕಾದರೆ ನಾಲ್ಕಾರು ತಟ್ಟೆ ಬೇಕು. ಅವನ್ನು ಕಾಗದದ ಚೀಲಗಳಲ್ಲಿಟ್ಟು, ಪುಸ್ತಕದ ಹಾಗೆ ರಟ್ಟು ಕಟ್ಟಿ ಮಾರುತ್ತಿದ್ದರು. 1948ರಲ್ಲಿ ಎಲ್‌ಪಿ ತಟ್ಟೆ ಬಂತು. ಒಂದೊಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕ ಸಂಗೀತ ಹಿಡಿಯಿತು. ಪುಸ್ತಕ ಹೋಯಿತು, ಹೆಸರು ಉಳಿಯಿತು.

ನಮ್ಮ ಮನೆಗಳಲ್ಲಿ ಆಲ್ಬಮ್ ಅಂದರೆ ಕ್ಯಾಸೆಟ್. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಕೂಡಿಸಿದ ‘ನಿತ್ಯೋತ್ಸವ’ ಬಂತು. ಅದು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ. ಕ್ಯಾಸೆಟ್ಟಿನಲ್ಲಿ ಹಾಡು ಹಾರಿಸುವುದು ಸುಲಭವಲ್ಲ. ಆದ್ದರಿಂದ ಮೊದಲಿನಿಂದ ಕೊನೆಯವರೆಗೂ ಕೇಳುತ್ತಿದ್ದರು. ಒಂದು ಹಾಡು ಮುಗಿಯುವಾಗಲೇ ಮುಂದಿನದರ ಮೊದಲ ಸಾಲು ನಾಲಿಗೆ ಮೇಲೆ ಬಂದಿರುತ್ತಿತ್ತು. ಊಟದೆಲೆಯಲ್ಲಿ ಉಪ್ಪಿನಕಾಯಿಗೆ, ಪಾಯಸಕ್ಕೆ ಅದರದರ ಜಾಗ ಇದ್ದ ಹಾಗೆ ಆಲ್ಬಮ್ಮಿನಲ್ಲಿ ಪ್ರತಿ ಹಾಡಿಗೂ ಜಾಗ ಇರುತ್ತದೆ. ಇನ್ನು ಬಡಿಸೋಣವೇ?

ದೂರ ದೂರ ಕೂತವರ ಕಛೇರಿ

ಮೊದಲನೆಯದು ‘ಶಕ್ತಿ’ ತಂಡದ ‘ದಿಸ್ ಮೊಮೆಂಟ್’. ಬಂದದ್ದು 2023ರ ಜೂನ್‌ನಲ್ಲಿ. ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಮತ್ತು ತಬಲಾದ ಉಸ್ತಾದ್ ಜಾಕಿರ್ ಹುಸೇನ್ ಸೇರಿ 1970ರ ದಶಕದಲ್ಲಿ ಕಟ್ಟಿದ ತಂಡ ಇದು. ಅವರ ಹಿಂದಿನ ಸ್ಟುಡಿಯೊ ಆಲ್ಬಮ್ 1977ರದು. ಲೆಕ್ಕ ಹಾಕಿ, 46 ವರ್ಷ! ಆಗ ಕೇಳಿದ ಹುಡುಗರು ಈಗ ತಾತಂದಿರಾಗಿದ್ದಾರೆ.

ಆಗಿನ ಶಕ್ತಿಯಲ್ಲಿ ಘಟ ನುಡಿಸುತ್ತಿದ್ದವರು ವಿಕ್ಕು ವಿನಾಯಕರಾಂ. ಈಗ ಅವರ ಮಗ ಸೆಲ್ವಗಣೇಶ್ ಖಂಜಿರ ಹಿಡಿದು ಕೂತಿದ್ದಾರೆ. ಪಿಟೀಲಿಗೆ ಗಣೇಶ್ ರಾಜಗೋಪಾಲನ್, ಹಾಡಲು ಶಂಕರ್ ಮಹಾದೇವನ್. ಈ ತಂಡದಲ್ಲಿ ಹಲವು ವರ್ಷ ಮ್ಯಾಂಡೊಲಿನ್ ನುಡಿಸಿದ ಯು. ಶ್ರೀನಿವಾಸ್ 2014ರಲ್ಲಿ ತೀರಿಕೊಂಡರು. ಅವರ ನೆನಪಿಗೆ ‘ಶ್ರೀನೀಸ್ ಡ್ರೀಮ್’ ಎಂಬ ತುಣುಕಿದೆ. ಇನ್ನೊಂದರ ಹೆಸರು ‘ಮೋಹನಂ’. ಸಂಗೀತದ ಪಾಠಕ್ಕೆ ಹೋಗುವ ಮಕ್ಕಳಿಗೆ ಮೋಹನದ ಐದು ಸ್ವರ ಗೊತ್ತೇ ಇರುತ್ತದೆ.

ಇಷ್ಟವಾದದ್ದು ಏನು? ಗಿಟಾರ್ ಇಲ್ಲಿ ಪರದೇಶದ ಅತಿಥಿಯಂತೆ ದೂರ ನಿಲ್ಲುವುದಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆ ಮೇಲೆ ಕೂರುತ್ತದೆ. ಖಂಜಿರ ಮತ್ತು ತಬಲಾ ಮಾತಿಗೆ ಮಾತು ಕೊಡುವಾಗ ತನಿ ಆವರ್ತನ ಕೇಳಿದವರ ಕೈ ತಾನಾಗಿ ತೊಡೆಗೆ ಬೀಳುತ್ತದೆ. ಇಷ್ಟವಾಗದ್ದು? ಕೊರೊನಾ ಕಾಲದಲ್ಲಿ ತಂಡದವರು ತಮ್ಮ ತಮ್ಮ ಊರುಗಳಿಂದಲೇ ನುಡಿಸಿ ಕಳಿಸಿ ಕಟ್ಟಿದ ಆಲ್ಬಮ್ ಇದು. ಎಲ್ಲವೂ ತೊಳೆದಿಟ್ಟ ಹಾಗೆ ಚೊಕ್ಕ. ವೇದಿಕೆ ಮೇಲೆ ಒಬ್ಬರನ್ನೊಬ್ಬರು ನೋಡಿ ನಕ್ಕು ತಾಳ ತಿರುಗಿಸುವ ಆ ತುಂಟತನ ಇಲ್ಲಿ ಕಡಿಮೆ.

2024ರ ಫೆಬ್ರವರಿಯಲ್ಲಿ ಇದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಅದೇ ವರ್ಷ ಡಿಸೆಂಬರ್ 15ರಂದು ಜಾಕಿರ್ ಹುಸೇನ್ ಹೋಗಿಬಿಟ್ಟರು. ವಯಸ್ಸು 73. ಕಾದು ಕಾದು ಬಂದ ಆಲ್ಬಮ್ಮಿನ ಹೆಸರು ‘ಈ ಕ್ಷಣ’ ಎಂದಾಗಿದ್ದು ಈಗ ಬೇರೆಯೇ ರೀತಿ ಕೇಳಿಸುತ್ತದೆ.

*ಕೇಳುವ ಹೊತ್ತು:* ಸಂಜೆ ದೀಪ ಹಚ್ಚಿದ ಮೇಲೆ, ಎಲ್ಲರೂ ಮನೆಯಲ್ಲಿರುವಾಗ.

ಬ್ಯಾಂಜೊಗೂ ತಬಲಾಗೂ ಗೆಳೆತನ

ಜಾಕಿರ್ ಹುಸೇನ್ ಅವರಿಗೆ ಅದೇ ರಾತ್ರಿ ಒಟ್ಟು ಮೂರು ಗ್ರ್ಯಾಮಿ ಸಿಕ್ಕಿದ್ದವು. ಉಳಿದ ಎರಡು ‘ಆ್ಯಸ್ ವಿ ಸ್ಪೀಕ್’ ಎಂಬ ಆಲ್ಬಮ್ಮಿನಿಂದ. ಅಮೆರಿಕದ ಬೇಲಾ ಫ್ಲೆಕ್ ಅವರ ಬ್ಯಾಂಜೊ, ಎಡ್ಗರ್ ಮೇಯರ್ ಅವರ ಡಬಲ್ ಬಾಸ್, ರಾಕೇಶ್ ಚೌರಾಸಿಯಾ ಅವರ ಬಾನ್ಸುರಿ, ಜೊತೆಗೆ ತಬಲಾ. ಡಬಲ್ ಬಾಸ್ ಅಂದರೆ ಆಳೆತ್ತರದ ಪಿಟೀಲು, ಸಾಮಾನ್ಯವಾಗಿ ನಿಂತು ನುಡಿಸುತ್ತಾರೆ. ರಾಕೇಶ್ ಅವರು ಹರಿಪ್ರಸಾದ್ ಚೌರಾಸಿಯಾ ಅವರ ಹತ್ತಿರದ ಸಂಬಂಧಿ ಮತ್ತು ಶಿಷ್ಯ. ಅಲ್ಲೂ ಹಿರಿಯರ ಉಸಿರಿದೆ.

ಬ್ಯಾಂಜೊ ತಂತಿ ಟಣ್ ಟಣ್ ಎಂದು ಬೇಗ ಬೇಗ ನಿಲ್ಲುವ ನಾದ. ಕೊಳಲು ನಿಲ್ಲಲಾರದೆ ಹರಿಯುವ ನಾದ. ಒಬ್ಬ ಚುರುಕು ಹುಡುಗ, ಒಬ್ಬ ಸಾವಧಾನದ ಅಜ್ಜ ಕೈ ಹಿಡಿದು ಸಂತೆಗೆ ಹೊರಟ ಹಾಗೆ. ಆರರಲ್ಲಿ ನನಗೆ ಅತಿ ಹೆಚ್ಚು ಸಲ ಕೇಳಬೇಕೆನಿಸಿದ್ದು ಇದೇ. ಮಾತಿಲ್ಲ, ಆದ್ದರಿಂದ ಭಾಷೆಯ ತೊಡಕೂ ಇಲ್ಲ. ಮಕ್ಕಳಿಗೆ ಮೊದಲು ಹಾಕಿ ತೋರಿಸಲು ಇದಕ್ಕಿಂತ ಒಳ್ಳೆಯದು ಸಿಗಲಾರದು.

*ಕೇಳುವ ಹೊತ್ತು:* ಭಾನುವಾರ ಬೆಳಿಗ್ಗೆ, ದೋಸೆ ಹುಯ್ಯುವಾಗ.

ಶಾಲಾ ಬಸ್ ಓಡಿಸಿದ ಅಜ್ಜಿ

ಬ್ಯಾಂಜೊ ಹೆಸರು ಬಂತಲ್ಲ, ಅದರ ಮೂಲ ಎಲ್ಲಿ ಗೊತ್ತೆ? ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟ ಜನ ತಮ್ಮ ನಾಡಿನ ವಾದ್ಯಗಳನ್ನು ನೆನಪಿಟ್ಟುಕೊಂಡು ಸೋರೆ ಬುರುಡೆಗೆ ಚರ್ಮ ಬಿಗಿದು, ತಂತಿ ಎಳೆದು ಮಾಡಿಕೊಂಡ ವಾದ್ಯ ಅದು. ನಮ್ಮ ತತ್ವಪದದವರ ಏಕತಾರಿಯ ಬುರುಡೆಯನ್ನು ನೆನೆಸಿಕೊಳ್ಳಿ. ಮುಂದೆ ಅದು ಅಮೆರಿಕದ ‘ಕಂಟ್ರಿ’ ಸಂಗೀತದ ಗುರುತಾಯಿತು. ಕಂಟ್ರಿ ಎಂದರೆ ಅಲ್ಲಿನ ಹಳ್ಳಿಗಾಡಿನ ಹಾಡು. ಕಾಲ ಕಳೆದಂತೆ ಅದು ಬಿಳಿಯರ ಸಂಗೀತ ಎಂದೇ ಜನ ನಂಬಿಬಿಟ್ಟರು. ವಾದ್ಯ ಕೊಟ್ಟವರ ಹೆಸರು ಮರೆತುಹೋಯಿತು.

ಬಿಯಾನ್ಸೆ ಎಂಬ ಜಗತ್ಪ್ರಸಿದ್ಧ ಗಾಯಕಿ 2024ರ ಮಾರ್ಚ್ 29ರಂದು ತಂದ ‘ಕೌಬಾಯ್ ಕಾರ್ಟರ್’ ಈ ಮರೆವನ್ನು ಕೆದಕುತ್ತದೆ. ಒಟ್ಟು 27 ತುಣುಕು. ಒಂದು ಹಾಡಿನಲ್ಲಿ ರಿಯಾನನ್ ಗಿಡೆನ್ಸ್ ಬ್ಯಾಂಜೊ ನುಡಿಸಿದ್ದಾರೆ. ನಡುನಡುವೆ ರೇಡಿಯೊ ನಿಲಯದ ಉದ್ಘೋಷಕರಂತೆ ವಿಲ್ಲಿ ನೆಲ್ಸನ್ ಮಾತಾಡುತ್ತಾರೆ. ಆಲ್ಬಮ್ ಬಂದಾಗ ಅವರಿಗೆ 90 ವರ್ಷ. ಆಕಾಶವಾಣಿ ಕೇಳಿ ಬೆಳೆದ ಅಜ್ಜಂದಿರಿಗೆ ಈ ಏರ್ಪಾಡು ಹಿಡಿಸುತ್ತದೆ.

ಆದರೆ ನನ್ನ ಕಿವಿ ನಿಂತದ್ದು ಲಿಂಡಾ ಮಾರ್ಟೆಲ್ ಎಂಬ ಅಜ್ಜಿಯ ದನಿಯಲ್ಲಿ. 1969ರಲ್ಲಿ ಕಂಟ್ರಿ ಸಂಗೀತದ ದೊಡ್ಡ ವೇದಿಕೆಯಾದ ಗ್ರ್ಯಾಂಡ್ ಓಲ್ ಆಪ್ರಿಯಲ್ಲಿ ಒಬ್ಬರೇ ನಿಂತು ಹಾಡಿದ ಮೊದಲ ಕಪ್ಪು ಮಹಿಳೆ ಅವರು. 1970ರಲ್ಲಿ ‘ಕಲರ್ ಮಿ ಕಂಟ್ರಿ’ ಎಂಬ ಆಲ್ಬಮ್ ಬಂತು. ಹಾಡುವಾಗ ಸಭೆಯಿಂದ ಬಣ್ಣ ಹಿಡಿದು ಬೈಗುಳ ಬರುತ್ತಿತ್ತು. ಎರಡನೆಯ ಆಲ್ಬಮ್ ಬರಲೇ ಇಲ್ಲ. ಸಂಗೀತದ ಲೋಕ ಬಿಟ್ಟ ಅವರು ಮುಂದೆ ತಮ್ಮ ಊರಿನಲ್ಲಿ ಶಾಲಾ ಬಸ್ ಓಡಿಸಿದರು. ಆ ಬಸ್ಸಿನಲ್ಲಿ ಕೂತ ಮಕ್ಕಳಲ್ಲಿ ಎಷ್ಟು ಜನರಿಗೆ ತಮ್ಮ ಡ್ರೈವರ್ ಯಾರೆಂದು ಗೊತ್ತಿತ್ತೋ!

ಅರ್ಧ ಶತಮಾನದ ಮೇಲೆ, 82ನೇ ವಯಸ್ಸಿನಲ್ಲಿ, ಅವರ ದನಿ ಬಿಯಾನ್ಸೆ ಆಲ್ಬಮ್ಮಿನಲ್ಲಿ ಕೇಳಿಸಿತು. ಇದು ಇಂಥ ಬಗೆಯ ಸಂಗೀತ, ಅದು ಅಂಥ ಬಗೆ ಎಂದು ಬೇಲಿ ಹಾಕುವುದರ ಬಗ್ಗೆ ಅವರು ಆಡುವ ನಾಲ್ಕು ಮಾತು ಇಡೀ ಆಲ್ಬಮ್ಮಿನ ಬೀಗದ ಕೈ. ಅದೇ ತುಣುಕಿನಿಂದ ಅವರಿಗೆ 83ನೇ ವಯಸ್ಸಿನಲ್ಲಿ ಮೊದಲ ಬಾರಿ ಗ್ರ್ಯಾಮಿ ನಾಮನಿರ್ದೇಶನ ಬಂತು. ಆಲ್ಬಮ್ಮಿಗೆ 2025ರ ಫೆಬ್ರವರಿಯಲ್ಲಿ ವರ್ಷದ ಆಲ್ಬಮ್ ಗೌರವವೂ ಸಿಕ್ಕಿತು.

ದೋಷ ಹೇಳಲೇಬೇಕು. ಇದು ಬಹಳ ಉದ್ದ. ಮದುವೆ ಊಟದಲ್ಲಿ ಮೂರನೇ ಸಲ ಚಿತ್ರಾನ್ನ ಬಂದಂತೆ ಕೊನೆಯ ಭಾಗದಲ್ಲಿ ಸಾಕು ಅನಿಸುತ್ತದೆ. ಕೆಲವು ಹಾಡುಗಳಲ್ಲಿ ದೊಡ್ಡವರ ಮಾತುಗಳಿವೆ. ಆದ್ದರಿಂದ ಮನೆಯ ಹಿರಿಯರು ಮೊದಲು ಕೇಳಿ, ಆರಿಸಿ ಮಕ್ಕಳಿಗೆ ಕೇಳಿಸಿ. ಬೀಟಲ್ಸ್ ತಂಡದ 1968ರ ‘ಬ್ಲ್ಯಾಕ್‌ಬರ್ಡ್’ ಹಾಡನ್ನು ಇಲ್ಲಿ ಬಿಯಾನ್ಸೆ ನಾಲ್ವರು ಕಿರಿಯ ಕಪ್ಪು ಗಾಯಕಿಯರನ್ನು ಸೇರಿಸಿಕೊಂಡು ಹಾಡಿದ್ದಾರೆ. ಅದರಿಂದ ಶುರು ಮಾಡಬಹುದು.

*ಕೇಳುವ ಹೊತ್ತು:* ಮಧ್ಯಾಹ್ನ, ಎರಡು ಕಂತಿನಲ್ಲಿ.

ಎಂಬತ್ತರ ಪುಂಡರು

ಲಂಡನ್ನಿನ ರೋಲಿಂಗ್ ಸ್ಟೋನ್ಸ್ ತಂಡ ಶುರುವಾದದ್ದು 1962ರಲ್ಲಿ. 2023ರ ಅಕ್ಟೋಬರ್ 20ರಂದು ಅವರ ‘ಹ್ಯಾಕ್ನಿ ಡೈಮಂಡ್ಸ್’ ಬಂತು. ಸ್ವಂತ ಹಾಡುಗಳ ಆಲ್ಬಮ್ ತಂದು ಅವರಿಗೆ 18 ವರ್ಷವಾಗಿತ್ತು. ಗಾಯಕ ಮಿಕ್ ಜಾಗರ್‌ಗೆ ಆಗ 80, ಗಿಟಾರಿನ ಕೀತ್ ರಿಚರ್ಡ್ಸ್‌ಗೆ 79. ಹೆಸರು ಕೇಳಿ ವಜ್ರ ಅಂದುಕೊಳ್ಳಬೇಡಿ. ಕಳ್ಳರು ಕಿಟಕಿ ಒಡೆದಾಗ ಬೀದಿಯಲ್ಲಿ ಚೆಲ್ಲಿದ ಗಾಜಿನ ಚೂರಿಗೆ ಲಂಡನ್ನಿನ ಆಡುಮಾತಿನಲ್ಲಿ ಹಾಗೆನ್ನುತ್ತಾರಂತೆ!

ರಾಕ್ ಎಂದರೆ ಗದ್ದಲ ಎನ್ನುವ ಹಿರಿಯರೇ, ಗದ್ದಲ ಮಾಡುತ್ತಿರುವವರು ನಿಮ್ಮ ವಯಸ್ಸಿನವರೇ ನೋಡಿ. ತಂಡದ ಡ್ರಮ್ ವಾದಕ ಚಾರ್ಲಿ ವಾಟ್ಸ್ 2021ರಲ್ಲಿ ತೀರಿಕೊಂಡರು. ಅವರು ಮೊದಲೇ ನುಡಿಸಿಟ್ಟಿದ್ದನ್ನು ಎರಡು ಹಾಡುಗಳಲ್ಲಿ ಉಳಿಸಿಕೊಂಡಿದ್ದಾರೆ. ಇಲ್ಲದವರು ತಾಳ ಹಾಕುತ್ತಿದ್ದಾರೆ, ಇರುವವರು ಹಾಡುತ್ತಿದ್ದಾರೆ. ಸ್ಟೀವಿ ವಂಡರ್, ಲೇಡಿ ಗಾಗಾ ಜೊತೆಗೂಡಿದ ‘ಸ್ವೀಟ್ ಸೌಂಡ್ಸ್ ಆಫ್ ಹೆವನ್’ ಏಳು ನಿಮಿಷ ದಾಟುವ ಹಾಡು. ಮುಗಿಯಿತು ಅಂದುಕೊಳ್ಳುವಾಗ ಮತ್ತೆ ಎದ್ದು ನಿಲ್ಲುತ್ತದೆ.

ನನ್ನ ಮಟ್ಟಿಗೆ ಆಲ್ಬಮ್ಮಿನ ಜೀವ ಇರುವುದು ಕೊನೆಯ ತುಣುಕಿನಲ್ಲಿ. ಮಡಿ ವಾಟರ್ಸ್ ಎಂಬ ಕಪ್ಪು ಗಾಯಕ 1950ರಲ್ಲಿ ಹಾಡಿದ ಹಾಡಿನಿಂದಲೇ ಈ ತಂಡ ತನ್ನ ಹೆಸರು ಪಡೆದದ್ದು. ಅರವತ್ತು ವರ್ಷ ಕಳೆದ ಮೇಲೆ ಆ ಹಾಡನ್ನೇ ಆಲ್ಬಮ್ಮಿನ ಕೊನೆಗಿಟ್ಟರು. ಡ್ರಮ್ ಇಲ್ಲ, ಅತಿಥಿಗಳಿಲ್ಲ. ಜಾಗರ್ ಮತ್ತು ರಿಚರ್ಡ್ಸ್ ಇಬ್ಬರೇ. ಕಛೇರಿ ಮುಗಿಸಿ ಗುರುವಿನ ಪಟಕ್ಕೆ ಕೈ ಮುಗಿದ ಹಾಗಿದೆ. ಈ ಆಲ್ಬಮ್ಮಿನಲ್ಲೂ ಒಂದೆರಡು ಕಡೆ ಒರಟು ಮಾತಿದೆ. ಮಕ್ಕಳಿಗೆ ಈ ಕೊನೆಯ ತುಣುಕು ಸಾಕು.

*ಕೇಳುವ ಹೊತ್ತು:* ಮನೆ ಗುಡಿಸಿ ಒರೆಸುವಾಗ. ಕೊನೆಯದನ್ನು ಮಾತ್ರ ಕೂತು ಕೇಳಿ.

ರ‍್ಯಾಪ್ ಬಿಟ್ಟು ಕೊಳಲು ಹಿಡಿದವರು

ಆಂಡ್ರೆ 3000 ಎಂಬುದು ಒಬ್ಬ ಅಮೆರಿಕನ್ ರ‍್ಯಾಪರ್ ಇಟ್ಟುಕೊಂಡ ಹೆಸರು. ಔಟ್‌ಕಾಸ್ಟ್ ಎಂಬ ಜೋಡಿಯಲ್ಲಿ ಮಾತಿನ ಮಳೆ ಸುರಿಸಿ ಹೆಸರಾದವರು. ಹೊಸ ಆಲ್ಬಮ್ಮಿಗಾಗಿ ಅಭಿಮಾನಿಗಳು ವರ್ಷಗಟ್ಟಲೆ ಕಾದರು. 2023ರ ನವೆಂಬರ್‌ನಲ್ಲಿ ‘ನ್ಯೂ ಬ್ಲೂ ಸನ್’ ಬಂತು. ಅದರಲ್ಲಿ ರ‍್ಯಾಪ್ ಇಲ್ಲ, ಒಂದೇ ಒಂದು ಮಾತಿಲ್ಲ. ಎಂಟು ತುಣುಕು, ಹೆಚ್ಚೂಕಡಿಮೆ ಒಂದೂವರೆ ಗಂಟೆ, ಎಲ್ಲ ಕೊಳಲಿನ ಸುತ್ತ. ಮೊದಲನೆಯದೇ 12 ನಿಮಿಷ 20 ಸೆಕೆಂಡ್.

ಜಗತ್ತೇ ಹೀಗೆ ಆಡು ಎನ್ನುವಾಗ ಬೇರೆ ದಾರಿ ಹಿಡಿಯಲು ಎದೆ ಬೇಕು. ಅದಕ್ಕೆ ನನ್ನ ಚಪ್ಪಾಳೆ. ಆದರೆ ಕೊಳಲಿನ ಕಛೇರಿ ಕೇಳಿ ಪಳಗಿದ ಕಿವಿಗೆ ಇದು ದಾರಿ ಕೇಳಿಕೊಂಡು ನಡೆಯುವವರ ನುಡಿಕೆಯಂತಿದೆ. ರಾಗ ಬೆಳೆಯುವ ಸುಖ ಇಲ್ಲ. ತೋಟದಲ್ಲಿ ಸುಮ್ಮನೆ ಅಡ್ಡಾಡುವ ಸುಖ ಇದೆ. ಇಲ್ಲಿನ ಹಿರಿಯರು ಯಾರು ಅಂದಿರಾ? ಕೊಳಲೇ! ಜರ್ಮನಿಯ ಗುಹೆಗಳಲ್ಲಿ ಸುಮಾರು 40,000 ವರ್ಷ ಹಳೆಯ, ಹಕ್ಕಿಯ ಮೂಳೆಯಲ್ಲಿ ತೂತು ಕೊರೆದ ಕೊಳಲುಗಳು ಸಿಕ್ಕಿವೆ. ಅದಕ್ಕಿಂತ ಹಿರಿಯ ವಾದ್ಯ ಹುಡುಕುವುದು ಕಷ್ಟ.

*ಕೇಳುವ ಹೊತ್ತು:* ಮಳೆ ಬರುವಾಗ, ಕರೆಂಟು ಹೋದಾಗ.

ಮೂರು ಹೊಳೆ ಕೂಡಿದಲ್ಲಿ

ಕೊನೆಯದು 2024ರ ‘ತ್ರಿವೇಣಿ’. ಚೆನ್ನೈಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಚಂದ್ರಿಕಾ ಟಂಡನ್ ಅವರ ಮಂತ್ರಪಠಣ, ದಕ್ಷಿಣ ಆಫ್ರಿಕಾದ ವೌಟರ್ ಕೆಲ್ಲರ್‌ಮನ್ ಅವರ ಕೊಳಲು, ಜಪಾನಿನ ಎರು ಮಾತ್ಸುಮೊಟೊ ಅವರ ಚೆಲ್ಲೊ. ಈ ಕೆಲ್ಲರ್‌ಮನ್ ನಮಗೆ ಹೊಸಬರಲ್ಲ. ಬೆಂಗಳೂರಿನ ರಿಕಿ ಕೇಜ್ ಜೊತೆ ‘ವಿಂಡ್ಸ್ ಆಫ್ ಸಂಸಾರ’ ಮಾಡಿ 2015ರಲ್ಲಿ ಗ್ರ್ಯಾಮಿ ಪಡೆದವರು. 2025ರ ಫೆಬ್ರವರಿಯಲ್ಲಿ ತ್ರಿವೇಣಿಗೆ ಗ್ರ್ಯಾಮಿ ಬಂದಾಗ ಅದೇ ವಿಭಾಗದ ಸ್ಪರ್ಧೆಯಲ್ಲಿ ರಿಕಿ ಕೇಜ್ ಅವರ ‘ಬ್ರೇಕ್ ಆಫ್ ಡಾನ್’ ಕೂಡ ಇತ್ತು. ಗೆಳೆಯರೇ ಎದುರಾಳಿಗಳು!

ಟಂಡನ್ ಅವರಿಗೆ ಇದು ಮೊದಲ ಗ್ರ್ಯಾಮಿ, ಎಪ್ಪತ್ತರ ವಯಸ್ಸಿನಲ್ಲಿ. ಚೆಲ್ಲೊದ ಗಂಭೀರ ನಾದ ಮಂತ್ರದ ಕೆಳಗೆ ಹಾಸಿದ ಕಂಬಳಿಯಂತಿದೆ. ಆದರೆ ಎಲ್ಲವೂ ತುಂಬ ನಯ. ದೇವಸ್ಥಾನದಲ್ಲಿ ಕೇಳುವ ಮಂತ್ರದಲ್ಲಿ ಉಸಿರು ಎಳೆಯುವ ಸದ್ದು, ಒಬ್ಬರ ದನಿ ಮುಂದೆ ಹೋಗುವುದು, ಇನ್ನೊಬ್ಬರದು ಹಿಂದುಳಿಯುವುದು ಇರುತ್ತದಲ್ಲ, ಆ ಒರಟು ಚೆಂದ ಇಲ್ಲಿಲ್ಲ. ಹಿರಿಯರು ಮೆಚ್ಚುತ್ತಾರೆ, ಚಿಕ್ಕವರು ನಿದ್ದೆ ಹೋಗುತ್ತಾರೆ. ಅದೂ ಒಂದು ಉಪಯೋಗವೇ!

*ಕೇಳುವ ಹೊತ್ತು:* ರಾತ್ರಿ ಹಾಸಿಗೆ ಹಾಸಿದ ಮೇಲೆ.

ಈ ವಾರದ ಆಟ

ಹಿರಿಯರೇ, ಗದ್ದಲ ಅನ್ನುವ ಮುನ್ನ ಒಂದು ಹೊಸ ಆಲ್ಬಮ್ಮಿಗೆ ಅರ್ಧ ಗಂಟೆ ಕೊಡಿ. ನಿಮ್ಮ ಕಾಲದ ದನಿಯನ್ನು ಹೊಸಬರು ಎಷ್ಟು ಜತನದಿಂದ ಕಾಯ್ದಿಟ್ಟಿದ್ದಾರೆ ಎಂದು ಕಾಣುತ್ತದೆ. ಮಕ್ಕಳೇ, ಬೋರು ಅನ್ನುವ ಮುನ್ನ ಲಿಂಡಾ ಅಜ್ಜಿಯನ್ನು ನೆನೆಯಿರಿ. ಕೇಳುವವರಿಲ್ಲ ಎಂಬ ಕಾರಣಕ್ಕೆ ಒಂದು ದನಿ ಐವತ್ತು ವರ್ಷ ಸುಮ್ಮನಿತ್ತು. ನಿಮ್ಮ ಮನೆಯ ಅಡುಗೆಮನೆಯಲ್ಲಿ ಹಸೆಹಾಡು, ಬೀಸುವ ಹಾಡು ಗೊತ್ತಿರುವ ಅಜ್ಜಿ ಇದ್ದರೆ, ಅವರನ್ನು ಯಾರಾದರೂ ಕೇಳಿದ್ದಾರೆಯೇ?

ಆಟ ಹೀಗೆ. ಒಂದು ಕಾಗದ ತೆಗೆದುಕೊಳ್ಳಿ. ಅಜ್ಜ ಅಥವಾ ಅಜ್ಜಿಗೆ ಇಷ್ಟವಾದ ಮೂರು ಹಾಡು, ನಿಮಗೆ ಇಷ್ಟವಾದ ಮೂರು ಹಾಡು ಬರೆಯಿರಿ. ಈಗ ಆರನ್ನೂ ಒಂದು ಸಾಲಿಗೆ ಜೋಡಿಸಬೇಕು. ಯಾವುದು ಮೊದಲು, ಯಾವುದರ ಪಕ್ಕ ಯಾವುದು ಕೂತರೆ ಚೆಂದ ಎಂದು ಇಬ್ಬರೂ ಜಗಳವಾಡಿ ತೀರ್ಮಾನಿಸಿ. ಆರರಲ್ಲಿ ಒಂದು ಹಾಡಾದರೂ ಅಜ್ಜಿಯೇ ಹಾಡಿದ್ದಾಗಿರಲಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ನಡುವೆ ಕುಕ್ಕರ್ ಕೂಗಿದರೂ ಪರವಾಗಿಲ್ಲ. ಆಮೇಲೆ ಇಯರ್‌ಫೋನ್ ತೆಗೆದಿಟ್ಟು, ಹಜಾರದಲ್ಲಿ ಎಲ್ಲರಿಗೂ ಕೇಳುವಂತೆ ಮೊದಲಿನಿಂದ ಕೊನೆಯವರೆಗೆ ಹಾಕಿ. ಅದಕ್ಕೊಂದು ಹೆಸರಿಡಲು ಮರೆಯಬೇಡಿ. ಆಲ್ಬಮ್ ಎಂದಮೇಲೆ ಹೆಸರು ಬೇಕು.